ಹೋದ ಅಂಕ ಮರೆವಿನದೋ, ಭಾಷೆಯದೋ?

ನಾಲಾಸೋಪಾರಾದಲ್ಲಿ ಮೂವತ್ತೈದು ವರ್ಷದಿಂದ ಮನೆ ಮಾಡಿಕೊಂಡಿರುವ, ಎಪ್ಪತ್ತೆಂಟು ದಾಟಿದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಮರೆವು ಜಾಸ್ತಿಯಾಯಿತೆಂದು ಮಗ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದಿದ್ದಾನೆ. ನೆನಪಿನ ಪರೀಕ್ಷೆಯಲ್ಲಿ "ನಾವೀಗ ಯಾವ ಜಿಲ್ಲೆಯಲ್ಲಿದ್ದೇವೆ?" ಎಂದು ಕೇಳಿದರೆ ಅಜ್ಜಿ "ಠಾಣೆ" ಅನ್ನುತ್ತಾರೆ. ಕಾಗದದಲ್ಲಿ ಸೊನ್ನೆ ಬೀಳುತ್ತದೆ. 2014ರ ಆಗಸ್ಟ್‌ವರೆಗೆ ಅದೇ ಸರಿಯುತ್ತರವಾಗಿತ್ತು. ಆ ತಿಂಗಳು ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಬೋರಿವಲಿಯಲ್ಲೋ ಮುಲುಂಡಿನಲ್ಲೋ ಕೂತು "ಮುಂಬಯಿ" ಎಂದವರ ಪಾಡೂ ಅಷ್ಟೇ. 1990ರಿಂದ ಅದು ಮುಂಬಯಿ ಉಪನಗರ ಜಿಲ್ಲೆ. ಸರಕಾರಿ ಕಚೇರಿಗಳಿಗೆ ಓಡಾಡಿದವರನ್ನು ಬಿಟ್ಟರೆ ಆ ಹೆಸರು ಯಾರ ಬಾಯಲ್ಲಿ ಬರುತ್ತದೆ?

ಹೀಗೆ ಹೋದ ಅಂಕಗಳು ಒಂದೊಂದಾಗಿ ಸೇರಿ ಆರೋ ಏಳೋ ಆದಾಗ ಆರೋಗ್ಯವಾಗಿರುವವರ ಫೈಲಿನ ಮೇಲೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಎಂಬ ಪದ ಬಂದು ಕೂರುತ್ತದೆ. ಇದರ ಉಲ್ಟಾ ಕೂಡ ನಡೆಯುತ್ತದೆ. "ಅವರು ಓದಿದವರಲ್ಲ, ಇಲ್ಲಿನ ಭಾಷೆಯೂ ಸರಿಯಾಗಿ ಬರುವುದಿಲ್ಲ, ಅದಕ್ಕೇ ಅಂಕ ಕಡಿಮೆ" ಎಂದು ನಿಜವಾದ ಕಾಯಿಲೆಯನ್ನೇ ಪಕ್ಕಕ್ಕಿಡುತ್ತಾರೆ. "ಅರವತ್ತಕ್ಕೆ ಅರಳುಮರಳು" ಎಂಬ ಗಾದೆ ಇದಕ್ಕೆ ಒತ್ತಾಸೆ. ಎರಡೂ ಅನ್ಯಾಯಗಳ ಬೇರು ಒಂದೇ: ಒಟ್ಟು ಎಷ್ಟು ಬಂತೆಂದು ನೋಡುತ್ತೇವೆ, ಯಾವ ಅಂಕ ಏಕೆ ಹೋಯಿತೆಂದು ನೋಡುವುದಿಲ್ಲ.

ಅತಿ ಹೆಚ್ಚು ಬಳಕೆಯಲ್ಲಿರುವ ಎಂಎಂಎಸ್‌ಇ ಎಂಬ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಒಟ್ಟು 30 ಅಂಕ. 24ಕ್ಕಿಂತ ಕಡಿಮೆಯಾದರೆ ಅನುಮಾನ ಎಂಬುದು ವಾಡಿಕೆಯ ಗೆರೆ. ಆದರೆ 1993ರಲ್ಲಿ ಅಮೆರಿಕದ ಸಾಮಾನ್ಯ ಜನರಲ್ಲೇ ಅಳೆದು ನೋಡಿದಾಗ, ಒಂಬತ್ತು ವರ್ಷ ಅಥವಾ ಹೆಚ್ಚು ಶಾಲೆ ಕಂಡವರ ನಡುವಿನ ಅಂಕ (ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ) 29, ಐದರಿಂದ ಎಂಟು ವರ್ಷ ಓದಿದವರದು 26, ನಾಲ್ಕು ವರ್ಷ ಅಥವಾ ಅದಕ್ಕೂ ಕಡಿಮೆ ಓದಿದವರದು 22. ಅಂದರೆ ಕಡಿಮೆ ಓದಿದವರಲ್ಲಿ ಕನಿಷ್ಠ ಅರ್ಧದಷ್ಟು ಜನ ಆ ಗೆರೆಯ ಕೆಳಗೇ ಇದ್ದರು. ಅದೂ ಪರೀಕ್ಷೆ ಹುಟ್ಟಿದ ದೇಶದಲ್ಲೇ.

ಈಗ ಅದನ್ನು ಮುಂಬಯಿಗೆ ತನ್ನಿ. ಇಲ್ಲಿ "ಕನ್ನಡದವರು" ಎಂದರೆ ಒಂದೇ ಭಾಷೆಯವರೆಂದು ಆಸ್ಪತ್ರೆ ತಿಳಿದುಕೊಳ್ಳುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೋಟೆಲಿನ ಗಲ್ಲಾದಲ್ಲಿ ಹಿಂದಿ, ನೆರೆಮನೆಯವರೊಡನೆ ಮರಾಠಿ ಆಡುತ್ತ ಬದುಕಿದವರು ಇವರಲ್ಲಿದ್ದಾರೆ. ಕೊಂಕಣಿ ಮನೆಮಾತಿನವರಿದ್ದಾರೆ, ಕುಂದಾಪುರದ ಕನ್ನಡದವರಿದ್ದಾರೆ, ಕಲಬುರಗಿ-ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ಮುಪ್ಪಾದವರಿದ್ದಾರೆ. ಪುಣೆಯಲ್ಲಿ ವಿಜಯಪುರ, ಸೊಲ್ಲಾಪುರ ಕಡೆಯವರು. ಗೋವಾದ ವಾಸ್ಕೊ ಸುತ್ತ ಉತ್ತರ ಕರ್ನಾಟಕದ ಕೂಲಿಕಾರರು ಮತ್ತು ಲಂಬಾಣಿ ಮನೆಮಾತಿನವರು. ಇವರೆಲ್ಲರ ಮುಂದೆ ಒಂದೇ "ಕನ್ನಡ ಆವೃತ್ತಿ" ಇಟ್ಟರೆ ತುಳುವ ಅಜ್ಜನಿಗೆ ಅದು ಎರಡನೇ ಭಾಷೆ, ರಾಯಚೂರಿನ ಅಜ್ಜಿಗೆ ಪುಸ್ತಕದ ಭಾಷೆ. ಈರುಳ್ಳಿ ಎಂದು ಅಚ್ಚಾದ ಕಾಗದಕ್ಕೆ ಉಳ್ಳಾಗಡ್ಡಿ, ನೀರುಳ್ಳಿ, ಕಾಂದಾ ಎಲ್ಲವೂ ಸರಿಯುತ್ತರ ಆಗಬೇಕು. ಕನ್ನಡಕದ ಚಿತ್ರಕ್ಕೆ ಚಾಳೀಸು, ಚಶ್ಮಾ ಕೂಡ. ಪರೀಕ್ಷೆ ಮಾಡುವವರ ಕೈಯಲ್ಲಿ ಇಂಥ ಪರ್ಯಾಯ ಪದಗಳ ಪಟ್ಟಿ ಮೊದಲೇ ಇರಬೇಕು. ಅಲ್ಲಿ ಕೂತು ತೀರ್ಮಾನಿಸಹೊರಟರೆ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು.

ಪದ ಬದಲಾಯಿಸಿದರೆ ಸಾಲದ ಜಾಗಗಳೂ ಇವೆ, ಮತ್ತು ಅವೇ ಹೆಚ್ಚು ತೊಂದರೆ ಕೊಡುವುದು. ಅಂಕಿಗಳನ್ನು ಕೇಳಿ ಹಾಗೇ ಮರಳಿ ಹೇಳುವ ಪರೀಕ್ಷೆ ತೆಗೆದುಕೊಳ್ಳಿ. ಸೆಕೆಂಡಿಗೊಂದರಂತೆ ಓದಿ, ಹಿಡಿದಿಟ್ಟು ಹೇಳಬೇಕು. ಒಂದರಿಂದ ಒಂಬತ್ತರವರೆಗೆ ಕನ್ನಡದಲ್ಲಿ ಹೇಳಿ ಬೆರಳೆಣಿಸಿ: ಒಂದು, ಎರಡು, ಮೂರು... ಒಟ್ಟು 20 ಅಕ್ಷರ. ಮರಾಠಿಯಲ್ಲಿ ಏಕ್, ದೋನ್, ತೀನ್, ಚಾರ್, ಪಾಚ್, ಸಹಾ, ಸಾತ್, ಆಠ್, ನಊ: ಉಚ್ಚಾರದಲ್ಲಿ ಹನ್ನೊಂದೇ ಅಕ್ಷರ. ಒಂಬತ್ತು-ಮೂರು-ಎರಡು-ಏಳು-ನಾಲ್ಕು ಎಂಬ ಸರಣಿ ಕನ್ನಡದಲ್ಲಿ 12, ಮರಾಠಿಯಲ್ಲಿ 6. ಕಿವಿ ಹಿಡಿದಿಟ್ಟುಕೊಳ್ಳುವುದು ಅಂಕಿಗಳ ಎಣಿಕೆಯನ್ನಷ್ಟೇ ಅಲ್ಲ, ಅವನ್ನು ಹೇಳಲು ಬೇಕಾದ ಹೊತ್ತನ್ನೂ. 1980ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ತೋರಿಸಿದ್ದರು: ವೆಲ್ಶ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು, ಅದಕ್ಕೇ ಆ ಭಾಷೆಯಲ್ಲಿ ಅಂಕಿಗಳ ಸ್ಮರಣೆ ಕಡಿಮೆ ಕಾಣುತ್ತದೆ. ಆದ್ದರಿಂದ ಕನ್ನಡದಲ್ಲಿ ಪರೀಕ್ಷೆ ಮಾಡಿ ಮರಾಠಿಯ ಮಾನದಂಡಕ್ಕೆ ಹೋಲಿಸುವುದು ಸರಿಯಲ್ಲ. ಇನ್ನೊಂದು ತೊಡಕು: ಮುಂಬಯಿಯ ಕನ್ನಡಿಗರಲ್ಲಿ ಅನೇಕರು ಫೋನ್ ನಂಬರು ಹೇಳುವುದು ಇಂಗ್ಲಿಷಿನಲ್ಲಿ, ಲೆಕ್ಕ ಮಾಡುವುದು ಹಿಂದಿಯಲ್ಲಿ. ಅಂಥವರಿಗೆ "ಪೂರ್ತಿ ಕನ್ನಡದಲ್ಲೇ ಹೇಳಿ" ಎಂದು ಹಟ ಹಿಡಿದರೆ ಉಪಕಾರದ ಹೆಸರಿನಲ್ಲಿ ಅಡ್ಡಗಾಲು ಹಾಕಿದಂತೆ. ಯಾವ ಭಾಷೆಯಲ್ಲಿ ಎಣಿಸುತ್ತೀರಿ ಎಂದು ಮೊದಲೇ ಕೇಳಿ, ಆ ಭಾಷೆಯಲ್ಲೇ ಅಂಕಿ ಓದಿ, ಹಾಗೆ ಮಾಡಿದ್ದನ್ನು ಕಾಗದದಲ್ಲಿ ಬರೆಯಬೇಕು.

ಇಂಗ್ಲಿಷಿನಲ್ಲಿ ಐದು ಅಕ್ಷರದ ಪದವೊಂದನ್ನು (WORLD) ಹಿಂದುಮುಂದಾಗಿ ಹೇಳಿಸುವ ಪ್ರಶ್ನೆಯಿದೆ. ಕನ್ನಡದಲ್ಲಿ ಅದನ್ನು "ಪ್ರಪಂಚ" ಎಂದು ಅನುವಾದಿಸಿದರೆ ಕೆಲಸ ಕೆಟ್ಟಿತು. ಅಕ್ಷರ ಮೂರೇ, ಅದರಲ್ಲೂ ಒತ್ತಕ್ಷರ, ಅನುಸ್ವಾರ. "ಕನ್ನಡ" ಎಂಬುದನ್ನು ತಿರುಗಿಸಿ ಒಬ್ಬರು "ಡ-ನ್ನ-ಕ" ಎನ್ನುತ್ತಾರೆ, ಇನ್ನೊಬ್ಬರು "ಡ-ನ-ಕ" ಎನ್ನುತ್ತಾರೆ. ಎರಡನೆಯದು ತಪ್ಪೇ? ಒತ್ತಿಲ್ಲದ ಐದಕ್ಷರದ, ಒಡೆದರೆ ಎರಡು ಪದವಾಗದ ಮಾತು ಬೇಕು: ಮೆರವಣಿಗೆ, ಬೆಳವಣಿಗೆಯಂಥವು. ಆದರೂ ಇದು ಅಕ್ಷರ ಕಲಿತವರಿಗೆ ಮಾತ್ರ. ಓದು ಬಾರದವರಿಗೆ ಪದವೆಂದರೆ ಒಂದು ಇಡಿಯಾದ ಸದ್ದು. ಅದು ತುಂಡಾಗುತ್ತದೆ ಎಂಬ ಕಲ್ಪನೆಯೇ ಸ್ಲೇಟಿನ ಜೊತೆ ಬರುವಂಥದ್ದು. ಪೋರ್ಚುಗಲ್‌ನಲ್ಲಿ ಶಾಲೆ ಕಂಡ ಮತ್ತು ಕಾಣದ ವಯಸ್ಕರನ್ನು ಹೋಲಿಸಿದ ಸಂಶೋಧಕರು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಅರ್ಥವಿರುವ ಪದಗಳನ್ನು ಮರಳಿ ಹೇಳುವುದರಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸವಿಲ್ಲ, ಅರ್ಥವಿಲ್ಲದ ಪದಗಳಲ್ಲಿ ಶಾಲೆ ಕಾಣದವರು ಎಡವುತ್ತಾರೆ. ನಿಜವಾದ ವಸ್ತುವನ್ನು ಕೈಗೆ ಕೊಟ್ಟರೆ ಸರಾಗವಾಗಿ ಹೆಸರಿಸುವವರು ಅದರ ಗೆರೆಚಿತ್ರಕ್ಕೆ ತಡವರಿಸುತ್ತಾರೆ.

ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷ ಹೇಳಿಸುವ ಪರೀಕ್ಷೆಗೂ ಇದೇ ಮಿತಿ. ಕನ್ನಡದಲ್ಲಿ "ಕ" ಎಂದರೆ ಕಾ, ಕಿ, ಕೃ, ಕ್ಷ ಸೇರುತ್ತವೆಯೇ ಎಂದು ಉದಾಹರಣೆ ಕೊಟ್ಟು ಹೇಳದಿದ್ದರೆ ಓದಿದವರು ಬರೀ "ಕ"ದಲ್ಲೇ ಸಿಕ್ಕಿಕೊಂಡು ಅಂಕ ಕಳೆದುಕೊಳ್ಳುತ್ತಾರೆ. ಮಾಡು, ಮಾಡಿಸು, ಮಾಡಿದ ಎಂದು ಒಂದೇ ಧಾತುವಿನಿಂದ ಸಾಲು ಹಿಡಿದವರಿಗೆ ಒಂದೇ ಎಣಿಕೆ ಎಂಬುದನ್ನೂ ಮೊದಲೇ ತಿಳಿಸಬೇಕು.

ವಾಕ್ಯ ಮರಳಿ ಹೇಳಿಸುವ ಪ್ರಶ್ನೆ ಇನ್ನೂ ಸೂಕ್ಷ್ಮ. ಮೂಲ ಇಂಗ್ಲಿಷ್ ವಾಕ್ಯದಲ್ಲಿರುವುದು "ಆದರೆ, ಮತ್ತು, ಒಂದು ವೇಳೆ" ಎಂಬಂಥ ಸಣ್ಣ ಪದಗಳ ಗೊಂಚಲು. ಚಿತ್ರವಾಗಿ ಮನಸ್ಸಿಗೆ ಬಾರದ ಆ ಸಣ್ಣ ಪದಗಳಲ್ಲೇ ಮಾತಿನ ತೊಂದರೆ ಇರುವವರು ಮುಗ್ಗರಿಸುತ್ತಾರೆ. ಪ್ರಶ್ನೆಯ ಜೀವ ಅದು. ಕನ್ನಡ ಆ ಕೆಲಸವನ್ನೆಲ್ಲ ಪ್ರತ್ಯಯಕ್ಕೆ ವಹಿಸಿದೆ. "ಬರದಿದ್ದರೂ ಕೊಟ್ಟಿರುತ್ತಿದ್ದರಂತೆ" ಎಂಬ ಎರಡೇ ಪದಗಳಲ್ಲಿ ನಿಷೇಧ, ಷರತ್ತು, ಕಾಲ, ಕೇಳಿದ ಸುದ್ದಿ ಎಂಬ ಸೂಚನೆ ಎಲ್ಲವೂ ಅಂಟಿಕೊಂಡಿವೆ. ಕನ್ನಡಕ್ಕೆ ತಕ್ಕ ಪ್ರಶ್ನೆ ಬೇಕಿದ್ದರೆ ಇಂಥ ಬಾಲಗಳನ್ನು ತೂಗಿ ಹೊಸದಾಗಿ ಕಟ್ಟಬೇಕು. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ 1995ರಲ್ಲಿ ಪ್ರಕಟವಾದ ಎಂಎಂಎಸ್‌ಇಯ ಹಿಂದಿ ಆವೃತ್ತಿ, ಎಚ್‌ಎಂಎಸ್‌ಇ, ಈ ಹಾದಿಯಲ್ಲಿ ಹೋಯಿತು. "ಅದೂ ಅಲ್ಲ, ಇದೂ ಅಲ್ಲ" ಎಂಬ ಧಾಟಿಯ ಮಾತು ಹಾಕಿದರು. ಕಾಗದದಲ್ಲಿ ಬರೆದ "ಕಣ್ಣು ಮುಚ್ಚಿ" ಎಂಬ ಆದೇಶ ಓದಿಸುವ ಬದಲು "ನಾನು ಮಾಡಿದ ಹಾಗೆ ಮಾಡಿ" ಎಂದು ಕಣ್ಣು ಮುಚ್ಚಿ ತೋರಿಸಿದರು. ನೂರರಿಂದ ಏಳೇಳು ಕಳೆಯುವುದಕ್ಕೆ ಬದಲಾಗಿ ಇಪ್ಪತ್ತರಿಂದ ಮೂರು ಮೂರು ಕಳೆಸಿದರು. ವಾಕ್ಯ ಬರೆಯುವ ಜಾಗದಲ್ಲಿ ಮನೆಯ ಬಗ್ಗೆ ಒಂದು ಮಾತು ಹೇಳಿಸಿದರು. ಪ್ರಶ್ನೆ ಬೇರೆ, ತೂಗುವ ಸಾಮರ್ಥ್ಯ ಅದೇ. ಪರೀಕ್ಷೆಯನ್ನು ಒಗ್ಗಿಸುವುದು ಎಂದರೆ ಇದು.

ಕೆಲವು ಪ್ರಶ್ನೆಗಳು ಒಗ್ಗುವುದೇ ಇಲ್ಲ. ನೂರು ಅಂಕದ ಎಸಿಇ-3 ಪರೀಕ್ಷೆಯಲ್ಲಿ ಬರೆದಂತೆ ಓದಲಾಗದ ಇಂಗ್ಲಿಷ್ ಪದಗಳನ್ನು ಓದಿಸುತ್ತಾರೆ. ಪದದ ಅರ್ಥವೇ ಮನಸ್ಸಿನಿಂದ ಅಳಿಯುವ ಒಂದು ಬಗೆಯ ಡಿಮೆನ್ಶಿಯಾದಲ್ಲಿ ರೋಗಿ ಅಂಥ ಪದಗಳನ್ನು ಬರೆದಂತೆಯೇ ಓದಿಬಿಡುತ್ತಾರೆ. ಅದು ಬಹಳ ಬೆಲೆಯುಳ್ಳ ಸುಳಿವು. ಕನ್ನಡ ಲಿಪಿ ಬಹುಮಟ್ಟಿಗೆ ಬರೆದಂತೆ ಓದುವಂಥದ್ದು. ಚಿಹ್ನೆಯನ್ನು "ಚಿನ್ಹೆ", ಬ್ರಹ್ಮನನ್ನು "ಬ್ರಮ್ಹ" ಎನ್ನುವಂಥ ಕೆಲವೇ ಅಪವಾದಗಳಿವೆ, ಅವೂ ಒಂದು ನಿಯಮದಂತೆ ನಡೆಯುತ್ತವೆ. ಹಾಗಾಗಿ ಕನ್ನಡದಲ್ಲಿ ಓದಿನ ಪ್ರಶ್ನೆಗೆ ಪೂರ್ಣಾಂಕ ಬಂತೆಂದು ನಿಶ್ಚಿಂತರಾಗುವಂತಿಲ್ಲ. ಅರ್ಥ ಅಳಿದವರೂ ಕನ್ನಡವನ್ನು ಗಡಗಡ ಓದಬಲ್ಲರು. ಓದಿಸಿದ ಮೇಲೆ "ಹಾಗೆಂದರೇನು?" ಎಂದು ಕೇಳಲೇಬೇಕು. ನಮ್ಮ ಲಿಪಿಯ ಚೆಲುವೇ ಇಲ್ಲಿ ಕಾಯಿಲೆಗೆ ಮರೆಯಾಗುತ್ತದೆ ಎಂಬುದು ಯೋಚಿಸಿದಷ್ಟೂ ಕಾಡುವ ಸಂಗತಿ.

ಚಿತ್ರ ಹೆಸರಿಸುವ ಪ್ರಶ್ನೆಗಳಲ್ಲಿ ಪೆಂಗ್ವಿನ್, ಕಾಂಗರೂ, ಖಡ್ಗಮೃಗ ಬಂದರೆ ಶಾಲೆಯ ಗೋಡೆಯ ಚಾರ್ಟ್ ನೋಡಿದವರಿಗೆ ಲಾಭ. ಲಂಗರಿನ ಚಿತ್ರ ಬಂದರೆ ಕಡಲಿಗಿಳಿದ ಮೊಗವೀರರಿಗೆ ಲಾಭ, ಬೀದರಿನಿಂದ ಬಂದವರಿಗೆ ನಷ್ಟ. ಅಮೆರಿಕದ ಅರವತ್ತು ಚಿತ್ರಗಳ ಬೋಸ್ಟನ್ ಪರೀಕ್ಷೆಯಲ್ಲಂತೂ ಹಿಮದ ಮನೆ ಇಗ್ಲೂ, ಪ್ರೆಟ್ಜೆಲ್ ಎಂಬ ತಿಂಡಿ ಇವೆ. ಇವುಗಳ ಬದಲು ಹಿಡಿಸೂಡಿ, ಬೀಗ, ಒನಕೆ ಹಾಕಿಬಿಡೋಣ ಎಂದರೆ ಅಪಾಯ ಇನ್ನೊಂದು ಬದಿಯಿಂದ ಬರುತ್ತದೆ. ತೀರಾ ಸುಲಭದ ಹೆಸರುಗಳು ಕಾಯಿಲೆ ಮುಂದುವರಿದ ಮೇಲೂ ಉಳಿಯುತ್ತವೆ. ಬಳಕೆಯಲ್ಲಿ ಅಪರೂಪ, ಆದರೆ ಈ ಮನುಷ್ಯರಿಗೆ ಒಮ್ಮೆ ಖಂಡಿತ ಗೊತ್ತಿದ್ದದ್ದು: ಅಂಥ ಹೆಸರುಗಳೇ ಬೇಕು. ಲಾಳ, ಕವಣೆ, ರಾಟೆ, ಒರೆ. ಮೊದಲು ಮನೆಯವರನ್ನು ಕೇಳಿ ಗೊತ್ತಿತ್ತೆಂದು ಖಚಿತ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿಸುವುದು ಇವೆಲ್ಲಕ್ಕಿಂತ ನ್ಯಾಯಯುತ ಪ್ರಶ್ನೆ. ಓದಿನ ಹಂಗು ಇದಕ್ಕೆ ಕಡಿಮೆ. ಆದರೆ ಎಣಿಸುವ ರೀತಿಯಲ್ಲಿ ಎಡವುತ್ತಾರೆ. ತುಳುವ ಅಜ್ಜ ನಾಯಿ, ಬೆಕ್ಕು ಎಂದು ಶುರು ಮಾಡಿ, "ಪಿಲಿ" ಎಂದು ತುಳುವಿಗೆ ಹೊರಳಿ, "ಘೋಡಾ, ಉಂದೀರ್" ಎಂದು ಮುಗಿಸಬಹುದು. ಕನ್ನಡದ್ದಷ್ಟೇ ಎಣಿಸಿದರೆ 12, ಎಲ್ಲ ಸೇರಿಸಿದರೆ 17 ಎಂದಿಟ್ಟುಕೊಳ್ಳಿ. ಎಸಿಇ-3ರ ಲೆಕ್ಕದಲ್ಲಿ ಇದು 4 ಅಂಕ ಮತ್ತು 6 ಅಂಕದ ವ್ಯತ್ಯಾಸ. ಎಲ್ಲ ಭಾಷೆಯ ಹೆಸರನ್ನೂ ಎಣಿಸಬೇಕು. ಒಂದೇ ಪ್ರಾಣಿ ಎರಡು ಭಾಷೆಯಲ್ಲಿ ಬಂದರೆ ಒಮ್ಮೆ ಮಾತ್ರ. ಪರೀಕ್ಷಕರಿಗೆ ಗೊತ್ತಿಲ್ಲದ ಪದ ಬಂದರೆ ಕೇಳಿದಂತೆ ಬರೆದುಕೊಂಡು ಆಮೇಲೆ ಮನೆಯವರನ್ನು ವಿಚಾರಿಸಬೇಕು. ಒಪ್ಪಿಗೆ ಪಡೆದು ಆ ಅರವತ್ತು ಸೆಕೆಂಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಜಗಳವೇ ಇಲ್ಲ.

ಬೆರಕೆ ಮಾತು ಕಾಯಿಲೆಯ ಗುರುತೇ ಎಂಬ ಭಯ ಮನೆಯವರಿಗೆ ಸಹಜ. ಕನ್ನಡ, ಹಿಂದಿ, ಮರಾಠಿ ಮೂರೂ ಬಲ್ಲ ಗೆಳೆಯನ ಜೊತೆ ಮೂರನ್ನೂ ಕಲಸಿ ಮಾತಾಡುವುದು ಮುಂಬಯಿಯ ಜಾಯಮಾನ, ಅದರಲ್ಲಿ ಆತಂಕವಿಲ್ಲ. ಎದುರಿಗಿರುವವರು ಯಾರು ಎಂಬ ಎಚ್ಚರ ತಪ್ಪಿದಾಗ ಗಮನ ಕೊಡಬೇಕು. ಮರಾಠಿ ಬಿಟ್ಟರೆ ಬೇರೇನೂ ತಿಳಿಯದ ದಾದಿಯೊಡನೆ ಮೂವತ್ತು ವರ್ಷ ಸರಾಗವಾಗಿ ಮರಾಠಿ ಆಡಿದವರು ಈಗ ತುಳುವಿನಲ್ಲೇ ಮಾತು ಮುಂದುವರಿಸಿ, ಆಕೆಗೆ ಅರ್ಥವಾಗುತ್ತಿಲ್ಲ ಎಂಬುದೇ ಹೊಳೆಯದೆ ಇದ್ದರೆ ಅದು ಡಾಕ್ಟರಿಗೆ ಹೇಳಲೇಬೇಕಾದ ವಿಷಯ. ಯಾವ ಮುದ್ರಿತ ಪರೀಕ್ಷೆಯಲ್ಲೂ ಇದಕ್ಕೆ ಅಂಕದ ಕಾಲಂ ಇರುವುದಿಲ್ಲ, ಮನೆಯವರೇ ಹೇಳಬೇಕು. ಹಲವು ಭಾಷೆಯ ಬದುಕು ಹೊರೆ ಎಂದು ತಿಳಿಯುವ ಅಗತ್ಯವೂ ಇಲ್ಲ. ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಆ ವ್ಯತ್ಯಾಸ ಕಂಡಿತ್ತು.

ಮುಂಬಯಿ, ಪುಣೆಗಳಲ್ಲಿ ಕನ್ನಡ ಬಲ್ಲ ಪರೀಕ್ಷಕರು ಸಿಗುವುದು ಅಪರೂಪ. ದುಭಾಷಿಯಾಗಿ ಮಗಳೋ ಸೊಸೆಯೋ ಕೂರುತ್ತಾರೆ. ಪ್ರೀತಿಯೇ ಇಲ್ಲಿ ಲೆಕ್ಕ ಕೆಡಿಸುತ್ತದೆ. "ಇವತ್ತು ಯಾವ ವಾರ?" ಎಂಬ ಪ್ರಶ್ನೆ "ನಿನ್ನೆ ಸೋಮವಾರ ಗುಡಿಗೆ ಹೋಗಿದ್ವಲ್ಲ, ಇವತ್ತು ಯಾವ ವಾರ?" ಆಗುತ್ತದೆ. ನೆನಪಿಡಬೇಕಾದ ಮೂರು ಪದಗಳನ್ನು ನಾಲ್ಕು ಸಲ ಹೇಳಿಬಿಡುತ್ತಾರೆ. ಅಸಂಬದ್ಧ ಉತ್ತರ ಬಂದರೆ ತಿದ್ದಿ ಡಾಕ್ಟರಿಗೆ ಒಪ್ಪಿಸುತ್ತಾರೆ. ಆ ಅಸಂಬದ್ಧತೆಯೇ ಡಾಕ್ಟರಿಗೆ ಬೇಕಾದದ್ದು. ಮನೆಯವರನ್ನು ಬಿಟ್ಟು ಬೇರೆ ಕನ್ನಡ ಬಲ್ಲವರು ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ಪ್ರಶ್ನೆಗಳನ್ನು ಹತ್ತು ನಿಮಿಷ ಮುಂಚೆ ಅವರ ಕೈಗೆ ಕೊಟ್ಟು, ಕನ್ನಡದಲ್ಲಿ ಬರೆಸಿಕೊಂಡು, ಬರೆದದ್ದನ್ನೇ ಓದಿಸಬೇಕು. ಹಿರಿಯರ ಪಕ್ಕಕ್ಕೆ, ಮುಖ ಕಾಣದ ಹಾಗೆ ಕೂರಿಸಬೇಕು, ಹುಬ್ಬು ಕೂಡ ಸುಳಿವು ಕೊಡುತ್ತದೆ. ಬಂದ ಉತ್ತರವನ್ನು ಬಂದ ಹಾಗೇ ಹೇಳಿಸಬೇಕು.

ಹಾಗಾದರೆ ಓದದವರಿಗೆ ಪಾಸಿನ ಗೆರೆ ಇಳಿಸಿದರೆ ಸಾಲದೇ? ಮೋಕಾ ಎಂಬ ಇಂಥದೇ ಇನ್ನೊಂದು ಪರೀಕ್ಷೆಯಲ್ಲಿ 12 ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಮುಂಬಯಿಯಲ್ಲಿ ದುಡಿದು ಬಂದು ಕನ್ನಡ ರಾತ್ರಿಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವರಿಗೂ ಶಾಲೆಯ ಮೆಟ್ಟಿಲೇ ಹತ್ತದವರಿಗೂ ಅದೇ ಒಂದು ಅಂಕ. ಗೆರೆ ಎಲ್ಲಿ ಎಳೆದರೂ ಬೆಲೆ ತೆರಬೇಕು. ದೇಶದ ಹಿರಿಯರಲ್ಲಿ ಡಿಮೆನ್ಶಿಯಾ ಅಳೆಯುವ ಲಾಸಿ-ಡ್ಯಾಡ್ ಸಮೀಕ್ಷೆ ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದ ಅರವತ್ತು ದಾಟಿದವರಲ್ಲಿ ಶೇ. 7.4 ಜನರಿಗೆ ಡಿಮೆನ್ಶಿಯಾ ಇದೆ, ಸುಮಾರು 88 ಲಕ್ಷ. ಸಾವಿರ ಹಿರಿಯರಿಗೆ 74. ಕಾಯಿಲೆ ಇರುವ ನೂರರಲ್ಲಿ 85 ಜನರನ್ನು ಹಿಡಿಯುವ, ಇಲ್ಲದ ನೂರರಲ್ಲಿ 80 ಜನರನ್ನು ಸರಿಯಾಗಿ ಬಿಡುವ ಪರೀಕ್ಷೆಯೊಂದಿದೆ ಎಂದುಕೊಳ್ಳಿ. ಕೇಳಲು ಚೆನ್ನಾಗೇ ಇದೆ. ಸಾವಿರದಲ್ಲಿ ಅದು 63 ರೋಗಿಗಳನ್ನು ಹಿಡಿಯುತ್ತದೆ, 11 ಜನರನ್ನು ಬಿಟ್ಟುಬಿಡುತ್ತದೆ, ಜೊತೆಗೆ ಕಾಯಿಲೆ ಇಲ್ಲದ 185 ಜನರ ಮೇಲೂ ಬೆರಳಿಡುತ್ತದೆ. ಬೆರಳಿಟ್ಟ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಭಾಷೆಯಿಂದ ಹೋಗುವ ಅಂಕಗಳು ಆ 185ನ್ನು ಹಿಗ್ಗಿಸುತ್ತವೆ. ಗೆರೆ ಇಳಿಸಿದರೆ ಆ 11 ಹಿಗ್ಗುತ್ತದೆ. ಎರಡೂ ಕುಗ್ಗಬೇಕಾದರೆ ಪ್ರಶ್ನೆಯೇ ಬದಲಾಗಬೇಕು.

ಬದಲಾಗುತ್ತಲೂ ಇದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮುಂದಾಳತ್ವದ ತಜ್ಞರ ತಂಡ ಕಟ್ಟಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಗಳಲ್ಲಿ ಒಟ್ಟಿಗೇ ರೂಪುಗೊಂಡಿತು. ಎಸಿಇ-3 ಮತ್ತು ಮೋಕಾಗಳಿಗೂ ಕನ್ನಡ ರೂಪಗಳಿವೆ. ಮುಂಬಯಿಯ ಡಾಕ್ಟರ ಕಪಾಟಿನಲ್ಲಿ ಅವು ಇರಲಿಕ್ಕಿಲ್ಲ, ಆದರೆ ಇವೆ ಎಂದು ಹೇಳಿ ತರಿಸಿಕೊಳ್ಳಲು ಕೇಳಬಹುದು. ವಲಸಿಗರ ಊರಾದ ಸಿಡ್ನಿಯಲ್ಲಿ ರೂಪುಗೊಂಡು 2004ರಲ್ಲಿ ಪ್ರಕಟವಾದ ರೂಡಾಸ್, ದುಭಾಷಿಯ ಮೂಲಕ ನಡೆಸಲೆಂದೇ ಮಾಡಿದ್ದು. 30 ಅಂಕ, 22 ಅಥವಾ ಕಡಿಮೆಯಾದರೆ ಮುಂದಿನ ತಪಾಸಣೆ. ಅಂಗಡಿಯಿಂದ ತರಬೇಕಾದ ಚಹಾ, ಎಣ್ಣೆ, ಮೊಟ್ಟೆ, ಸಾಬೂನು ನೆನಪಿಡುವುದು, ಬಲಗೈಯಿಂದ ಎಡಭುಜ ಮುಟ್ಟುವಂಥ ಆದೇಶಗಳು, ಸಿಗ್ನಲ್ಲಿಲ್ಲದ ರಸ್ತೆ ದಾಟುವ ಬಗೆ ಎಲ್ಲ ಇದರಲ್ಲಿವೆ. ಮನೆಯೊಳಗೆ ಮೊಟ್ಟೆ ತರದ ಹಿರಿಯರಿಗೆ ಅದೊಂದು ವಿಚಿತ್ರ ಎನಿಸಬಹುದು. ಹಾಗೆಂದು ಅಲ್ಲೇ "ಹಾಲು" ಎಂದು ಬದಲಿಸಿದರೆ ಚಹಾದ ಜೊತೆ ನಂಟು ಬೆಳೆದು ನೆನಪಿಡುವುದು ಸುಲಭವಾಗಬಹುದು. ಬದಲಿಸುವುದಾದರೆ ಕಾಗದದಲ್ಲಿ ಬರೆದಿಡಿ.

ಪರೀಕ್ಷೆಗಿಂತ ಹೆಚ್ಚು ತೂಕ ಮನೆಯವರ ಮಾತಿಗೆ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು ವರ್ಷದ ಹಿಂದಿನ ಇದೇ ಮನುಷ್ಯರ ಜೊತೆ ಹೋಲಿಸಿದರೆ ಭಾಷೆ, ಓದು, ಊರು ಎಲ್ಲವೂ ಎರಡೂ ಕಡೆ ಒಂದೇ ಆಗಿ ಕಳೆದುಹೋಗುತ್ತವೆ. ಐಕ್ಯೂಕೋಡ್ ಎಂಬ ಪ್ರಶ್ನಾವಳಿ ಇದೇ ತತ್ವದ್ದು. ಚಿಕ್ಕ ರೂಪದಲ್ಲಿ 16 ಪ್ರಶ್ನೆ. ಆದರೆ ಇಲ್ಲೂ ಒಂದು ಮರೆ ಇದೆ. ಸೊಸೆ ಎಲ್ಲವನ್ನೂ ಕೈಗೆ ತಂದುಕೊಡುವ ಮನೆಯಲ್ಲಿ ಕೆಲಸ ತಪ್ಪುವ ಅವಕಾಶವೇ ಇರುವುದಿಲ್ಲ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಮಾರ್ಟಿನ್ ಪ್ರಿನ್ಸ್ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಈ ಲಕ್ಷಣಗಳನ್ನು ಚೆನ್ನಾಗಿಯೇ ಗುರುತಿಸುತ್ತಿದ್ದರು, ಆದರೆ ಕಾಯಿಲೆ ಎಂದು ಎಣಿಸದೆ ಮುಪ್ಪಿನ ಲೆಕ್ಕಕ್ಕೆ ಹಾಕುತ್ತಿದ್ದರು. ಆದ್ದರಿಂದ "ಮರೆವಿದೆಯೇ?" ಎಂದು ಕೇಳುವುದಕ್ಕಿಂತ ಹೀಗೆ ಕೇಳಬೇಕು: ಏಕಾದಶಿ ಯಾವತ್ತು ಎಂದು ಈಗಲೂ ಅವರೇ ಹೇಳುತ್ತಾರೆಯೇ? ತರಕಾರಿಯವನು ಕೊಟ್ಟ ಚಿಲ್ಲರೆ ಎಣಿಸುತ್ತಾರೆಯೇ? ಧಾರಾವಾಹಿಯ ನಿನ್ನೆಯ ಕಥೆ ಗೊತ್ತೇ? ಊರಿನ ಬಸ್ಸಿಗೆ ಟಿಕೆಟ್ ಮಾಡಿಸಲು ಯಾರು ನೆನಪಿಸುತ್ತಿದ್ದರು, ಈಗ ಯಾರು?

ಕರೆದೊಯ್ಯುವ ದಿನ ಕನ್ನಡಕ, ಶ್ರವಣಯಂತ್ರ ಮರೆಯಬೇಡಿ. ಕಿವಿ ಕೇಳದೆ ಹೋದ ಅಂಕವೂ ಮರೆವಿನ ಖಾತೆಗೇ ಬೀಳುತ್ತದೆ. ಬಿ12, ಥೈರಾಯ್ಡ್ ರಕ್ತಪರೀಕ್ಷೆ, ನಿದ್ರೆಮಾತ್ರೆ ಸೇರಿ ಎಲ್ಲ ಔಷಧಿಗಳ ಪಟ್ಟಿ, ಈಚೆಗೆ ಮನೆಯಲ್ಲಿ ಸಾವುನೋವು ಆಗಿದ್ದರೆ ಅದರ ವಿಷಯ ಜೊತೆಗಿರಲಿ. ಅರ್ಧ ಹಾಳೆಯಲ್ಲಿ ಭಾಷೆಯ ಜಾತಕ ಬರೆದುಕೊಳ್ಳಿ: ಹತ್ತು ವಯಸ್ಸಿನವರೆಗೆ ಯಾವ ಮಾತು, ಎಷ್ಟನೇ ವಯಸ್ಸಿಗೆ ಮುಂಬಯಿ, ಕೆಲಸದಲ್ಲಿ ಯಾವುದು, ಎಣಿಸುವುದು ಯಾವುದರಲ್ಲಿ, ಜಪ ಯಾವುದರಲ್ಲಿ, ಈಗ ದಿನದ ಹೆಚ್ಚು ಹೊತ್ತು ಯಾವುದು, ಪತ್ರಿಕೆಯ ತಲೆಬರಹ ಓದುತ್ತಾರೆಯೇ, ಸಹಿಯೋ ಹೆಬ್ಬೆಟ್ಟೋ. ಪರೀಕ್ಷೆ ಮುಗಿದ ಮೇಲೆ ವರದಿಯಲ್ಲಿ ಅಂಕದ ಪಕ್ಕ ಯಾವ ಪರೀಕ್ಷೆ, ಯಾವ ಭಾಷೆ, ಯಾರು ದುಭಾಷಿ, ಯಾವ ಪ್ರಶ್ನೆಗೆ ಅಂಕ ಹೋಯಿತು ಎಂದು ಬರೆಸಿಕೊಳ್ಳಿ. ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ಮಾಡುವಾಗ ಅದೇ ಭಾಷೆ, ಅದೇ ಪರೀಕ್ಷೆ ಇರಬೇಕು. ಮೊದಲ ಸಲ ಹಿಂದಿಯಲ್ಲಿ 21 ಬಂದು, ಎರಡನೇ ಸಲ ಕನ್ನಡದಲ್ಲಿ 24 ಬಂದರೆ ಮಾತ್ರೆ ಕೆಲಸ ಮಾಡಿತೆಂದು ಬಗೆಯಬಾರದು. ಹಾಗೆಯೇ ಮೊದಲು ಕನ್ನಡದಲ್ಲಿ 24 ಬಂದು ಆಮೇಲೆ ಹಿಂದಿಯಲ್ಲಿ 21 ಆಯಿತೆಂದು ಮಾತ್ರೆಯ ಪ್ರಮಾಣ ಏರಿಸುವ ಮುನ್ನ, ಹಳೆಯ ಕಾಗದ ತೆಗೆದು ಭಾಷೆಯ ಸಾಲು ತೋರಿಸಿ, ಕನ್ನಡದಲ್ಲೇ ಇನ್ನೊಮ್ಮೆ ಮಾಡಿಸಿ.